ಲ್ಯಾಬಿನ ಹಳೆ ಕಂಪ್ಯೂಟರ್ ಗುಜರಿಗೆ ಹಾಕೋ ಮೊದಲು

2025ರ ದೀಪಾವಳಿ ಮುಗಿದ ವಾರ ಪರಿಚಯದ ಹೆಡ್‌ಮಾಸ್ಟರ್ ಒಬ್ಬರು ಫೋನ್ ಮಾಡಿದ್ದರು. "ಸಾರ್, ಲ್ಯಾಬಲ್ಲಿ ಕಂಪ್ಯೂಟರ್ ಆನ್ ಮಾಡಿದ್ರೆ ಪರದೆ ತುಂಬಾ ಏನೋ ನೋಟಿಸ್ ಬರ್ತಿದೆ. ಸಪೋರ್ಟ್ ಮುಗೀತಂತೆ. ಅಂಗಡಿಯವರನ್ನ ಕೇಳಿದ್ರೆ ಎಲ್ಲಾ ಹೊಸದೇ ತಗೊಳ್ಳಿ ಅಂತಾರೆ. ಇವನ್ನೆಲ್ಲ ಗುಜರಿಗೆ ಹಾಕೋದೇನಾ?" ಅವರ ದನಿಯಲ್ಲಿ ಗಾಬರಿಗಿಂತ ಬೇಸರ ಜಾಸ್ತಿ ಇತ್ತು. ಇರುವುದು ಹನ್ನೊಂದು ಕಂಪ್ಯೂಟರ್. ಅದರಲ್ಲಿ ಒಂಬತ್ತು ಓಡುತ್ತವೆ. ಹಳೆ ವಿದ್ಯಾರ್ಥಿಗಳು ದುಡ್ಡು ಸೇರಿಸಿ ಕೊಡಿಸಿದ್ದು. ಇನ್ನೊಂದು ಸಲ ಅವರ ಮುಂದೆ ಕೈ ಒಡ್ಡೋಕೆ ಯಾರಿಗೆ ತಾನೇ ಮನಸ್ಸು ಬರುತ್ತದೆ?

ಆ ಫೋನಿನಿಂದ ಶುರುವಾದ ಕೆಲಸ ನಾಲ್ಕೈದು ಶನಿವಾರ ತಿಂದಿತು. ಹೋದದ್ದು ಕಂಪ್ಯೂಟರ್ ಸರಿ ಮಾಡೋಕೆ. ಆದರೆ ಅಲ್ಲಿ ಕೂತ ಮೇಲೆ ನನಗೆ ಅನ್ನಿಸಿದ್ದೇ ಬೇರೆ. ಹಳೆಯದಾಗಿರುವುದು ಕಂಪ್ಯೂಟರ್‌ಗಿಂತ ನಾವು ಮಕ್ಕಳಿಗೆ ಅದನ್ನು ಹೇಳಿಕೊಡುವ ರೀತಿ. ಅದನ್ನು ಬರೆಯೋಣ ಅಂತಲೇ ಇದು.

ಮೊದಲು ಆ ನೋಟಿಸ್ ವಿಷಯ ನೋಡೋಣ. ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. ಅದಕ್ಕೆ ಉಚಿತವಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಅದೇ ದಿನ ಆಫೀಸ್ 2016 ಮತ್ತು 2019ನ್ನೂ ಮೈಕ್ರೋಸಾಫ್ಟ್ ಕೈಬಿಟ್ಟಿತು. ಆದರೆ ಮಾರನೇ ದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ಫೈಲ್ ತೆರೆಯುತ್ತವೆ, ಇಂಟರ್ನೆಟ್ ಬರುತ್ತದೆ, ಎಲ್ಲ ಮೊದಲಿನ ಹಾಗೇ. ಮನೆ ಬಾಗಿಲಿಗೆ ಬೀಗ ಇದೆ, ಚೆನ್ನಾಗೇ ಇದೆ, ಆದರೆ ಅದು ಕೆಟ್ಟರೆ ರಿಪೇರಿ ಮಾಡುತ್ತಿದ್ದವನು ಊರು ಬಿಟ್ಟು ಹೋಗಿದ್ದಾನೆ. ಅಷ್ಟೇ ವ್ಯತ್ಯಾಸ.

ಅಷ್ಟೇ ಅಂದರೂ ಅದು ಸಣ್ಣದಲ್ಲ. 2017ರ ಮೇ 12ರಂದು ವಾನಾಕ್ರೈ ಅನ್ನೋ ವೈರಸ್ ನೂರೈವತ್ತು ದೇಶಗಳಲ್ಲಿ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳಿತ್ತಲ್ಲ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಅಂದರೆ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. "ಆಮೇಲೆ ನೋಡೋಣ" ಅಂತ ಅಪ್‌ಡೇಟ್ ಮುಂದೂಡಿದವರು ಸಿಕ್ಕಿಬಿದ್ದರು. ಸಪೋರ್ಟ್ ಮುಗಿದ ಮೇಲೆ ಮುಂದೂಡೋಕೂ ಏನೂ ಇರಲ್ಲ, ತೇಪೆಯೇ ಬರಲ್ಲ.

ಹಾಗಾದರೆ ವಿಂಡೋಸ್ 11 ಹಾಕಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಕಂಪ್ಯೂಟರ್ ಒಪ್ಪಬೇಕಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೇಳುವ ರ‍್ಯಾಮ್ 4 ಜಿಬಿ, ಜಾಗ 64 ಜಿಬಿ. ಇದೇನೂ ದೊಡ್ಡದಲ್ಲ. ತೊಡಕು ಇರುವುದು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪಿನಲ್ಲಿ ಮತ್ತು ಪ್ರೊಸೆಸರ್‌ನ ವಯಸ್ಸಿನಲ್ಲಿ. ಇಂಟೆಲ್ ಕೋರ್ ಆದರೆ ಎಂಟನೇ ತಲೆಮಾರು ಅಥವಾ ಅದರಿಂದ ಈಚಿನದು ಬೇಕು. ಸುಮಾರಾಗಿ 2018ರಿಂದ ಈಚೆಗೆ ಬಂದ ಯಂತ್ರಗಳು ಅಂತಿಟ್ಟುಕೊಳ್ಳಿ.

ಇದನ್ನು ನೋಡೋಕೆ ಅಂಗಡಿಯವರು ಬೇಡ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಸಣ್ಣ ಪೆಟ್ಟಿಗೆಯಲ್ಲಿ ಎಂಎಸ್‌ಇನ್ಫೋ32 ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕಂಪ್ಯೂಟರಿನ ಜಾತಕ ಪೂರ್ತಿ ಬರುತ್ತದೆ. ಅದರಲ್ಲಿ ಪ್ರೊಸೆಸರ್ ಅನ್ನೋ ಸಾಲು ಓದಿ. ಆ ಶಾಲೆಯ ಲ್ಯಾಬಿನಲ್ಲಿ ಇದ್ದದ್ದು ಐ3-4130. ಅಡ್ಡಗೀಟಿನ ಪಕ್ಕ ನಾಲ್ಕು ಅಂಕಿ ಇದ್ದರೆ ಮೊದಲನೆಯದು, ಐದು ಇದ್ದರೆ ಮೊದಲ ಎರಡು, ಅದೇ ತಲೆಮಾರು. ಅಲ್ಲಿಗೆ ಇದು ನಾಲ್ಕನೆಯದು. ಐ5-8250ಯು ಅಂತಿದ್ದರೆ ಎಂಟು, ಐ3-10100 ಅಂತಿದ್ದರೆ ಹತ್ತು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಒಂದು ಸಲ ತೋರಿಸಿದೆ. ಮುಂದಿನ ಶನಿವಾರಕ್ಕೆ ಮೂರು ಜನ ತಮ್ಮ ಮಾವನ ಲ್ಯಾಪ್‌ಟಾಪ್, ಸೈಬರ್ ಸೆಂಟರಿನ ಕಂಪ್ಯೂಟರ್, ಪಂಚಾಯ್ತಿ ಆಫೀಸಿನದ್ದು ಅಂತ ಎಲ್ಲ ನೋಡಿ ಬರೆದುಕೊಂಡು ಬಂದಿದ್ದರು! ನಾನೇನೂ ಹೋಮ್‌ವರ್ಕ್ ಅಂತ ಕೊಟ್ಟಿರಲಿಲ್ಲ.

ಹಳೆ ಯಂತ್ರಕ್ಕೆ ವಿಂಡೋಸ್ 11ನ್ನು ಒತ್ತಾಯದಿಂದ ಹಾಕುವ ದಾರಿಗಳೂ ಇವೆ. ಯೂಟ್ಯೂಬ್ ತುಂಬಾ ಅವೇ. ಮನೆಯಲ್ಲಿ ಆಟಕ್ಕೆ ಮಾಡಿ ನೋಡಿ, ಬೇಡ ಅನ್ನಲ್ಲ. ಆದರೆ ಅಂಥ ಕಂಪ್ಯೂಟರ್‌ಗೆ ಅಪ್‌ಡೇಟ್ ಕೊಟ್ಟೇ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳುವುದಿಲ್ಲ. ಇವತ್ತು ಬಂದದ್ದು ನಾಳೆ ನಿಲ್ಲಬಹುದು. ಶಾಲೆ ಲ್ಯಾಬಿನಲ್ಲಿ, ಅದರಲ್ಲೂ ಕೆಟ್ಟರೆ ನೋಡೋಕೆ ಯಾರೂ ಇಲ್ಲದ ಕಡೆ, ಇದು ಬೇಡದ ತಲೆನೋವು.

ಇನ್ನೊಂದು ದಾರಿ ಸ್ವಲ್ಪ ಉಸಿರಾಡೋಕೆ ಸಮಯ ಕೊಡುತ್ತದೆ. ಮನೆ ಬಳಕೆಯ ವಿಂಡೋಸ್ 10 ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ. ಅದಕ್ಕೆ ವಿಂಡೋಸ್ 10ರ ಕೊನೆಯ ಆವೃತ್ತಿ, ಅಂದರೆ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಮಾಡೋಕೆ ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಬೇಡ ಅಂದರೆ 30 ಡಾಲರ್. ಶಾಲೆ ಕಾಲೇಜುಗಳಿಗೆ ಬೇರೆ ದರ. ಒಂದು ಕಂಪ್ಯೂಟರ್‌ಗೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಕಂಪನಿಗಳಿಗೆ ಇದೇ ಮೊದಲ ವರ್ಷಕ್ಕೆ 61 ಡಾಲರ್ ಇರುವಾಗ ಶಾಲೆಗಳಿಗೆ ಇದು ನಿಜಕ್ಕೂ ಅಗ್ಗ. ತೊಂದರೆ ಏನೆಂದರೆ ಇದನ್ನು ತಗೊಳ್ಳೋಕೆ ಸರಿಯಾದ ಲೈಸೆನ್ಸ್ ಇರಬೇಕು, ಅದನ್ನು ನೋಡಿಕೊಳ್ಳುವವರು ಒಬ್ಬರು ಇರಬೇಕು. ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರೇ ಲ್ಯಾಬ್ ಇನ್‌ಚಾರ್ಜ್, ಅವರೇ ಬಿಸಿಯೂಟದ ಲೆಕ್ಕಕ್ಕೂ ಇನ್‌ಚಾರ್ಜ್. ಅವರು ಇದಕ್ಕೆ ಎಲ್ಲಿ ಸಮಯ ತರುತ್ತಾರೆ?

ಕೊನೆಗೆ ನಾವು ಹಿಡಿದದ್ದು ಲಿನಕ್ಸ್ ದಾರಿ. ವಿಂಡೋಸ್ ಥರ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಅಂದರೆ ಆಪರೇಟಿಂಗ್ ಸಿಸ್ಟಂ ಇದು, ಆದರೆ ಉಚಿತ. ಇದರಲ್ಲಿ ಹೊಸದೇನೂ ಇಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಇಪ್ಪತ್ತು ವರ್ಷದ ಹತ್ತಿರ ಇದನ್ನೇ ಬಳಸುತ್ತಿವೆ. ಅಲ್ಲಿ ಮೊದಲು ಐಟಿ ಅಟ್ ಸ್ಕೂಲ್ ಅಂತಿದ್ದ ಯೋಜನೆ 2017ರಲ್ಲಿ ಕೈಟ್ ಅನ್ನೋ ಸಂಸ್ಥೆಯಾಯಿತು. ಲಿನಕ್ಸಿನ ಒಂದು ಬಗೆಯಾದ ಉಬುಂಟು ಆಧಾರದ ಮೇಲೆ ತಮ್ಮದೇ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟಿ, ಪಠ್ಯಕ್ಕೆ ಬೇಕಾದ ಸಾಫ್ಟ್‌ವೇರ್ ಎಲ್ಲ ಅದರಲ್ಲೇ ತುಂಬಿ ಕೊಡುತ್ತಾರೆ. ಮುಖ್ಯವಾಗಿ ಮೇಷ್ಟ್ರುಗಳಿಗೆ ಮೊದಲು ತರಬೇತಿ ಕೊಟ್ಟರು. ನಮ್ಮಲ್ಲೂ ಪ್ರಯತ್ನ ಆಗಿಲ್ಲ ಅಂತಲ್ಲ, ಶಾಲಾ ಶಿಕ್ಷಕರ ತರಬೇತಿಯಲ್ಲಿ ಉಬುಂಟು ಹೆಸರು ಕೇಳಿದವರು ಬಹಳ ಜನ ಇದ್ದಾರೆ. ಆದರೆ ತರಬೇತಿ ಮುಗಿಸಿ ಶಾಲೆಗೆ ವಾಪಸ್ ಬಂದ ಮೇಲೆ ಲ್ಯಾಬಿನಲ್ಲಿ ಇರುವುದು ವಿಂಡೋಸ್ ಆದರೆ, ಕಲಿತದ್ದು ಹದಿನೈದು ದಿನಕ್ಕೆ ಮರೆತುಹೋಗುತ್ತದೆ.

ಲಿನಕ್ಸ್ ಅಂದ ಕೂಡಲೇ ಕಪ್ಪು ಪರದೆ, ಅದರಲ್ಲಿ ಏನೇನೋ ಬರೆಯೋದು ಅಂತ ಜನ ಅಂದುಕೊಂಡಿದ್ದಾರೆ. ನಾವು ಹಾಕಿದ್ದು ಲಿನಕ್ಸ್ ಮಿಂಟ್, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, 4 ಇದ್ದರೆ ಆರಾಮ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ವಿಂಡೋಸ್ 7 ಬಳಸಿದವರಿಗೆ ವಿಂಡೋಸ್ 11ಕ್ಕಿಂತ ಇದೇ ಹತ್ತಿರ ಅನ್ನಿಸುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ.

ಆದರೆ ಒಂದೇ ಏಟಿಗೆ ಹಾಕಲಿಲ್ಲ. ಇಲ್ಲೇ ನಾನು ಹೇಳಬೇಕೆಂದಿರುವ ವಿಷಯ ಇರುವುದು.

ಮೊದಲ ಶನಿವಾರ, ಬ್ಯಾಗ್ ಇಲ್ಲದ ದಿನ, ಹಾರ್ಡ್‌ಡಿಸ್ಕ್ ಮುಟ್ಟಲೇ ಇಲ್ಲ. ಕೆಲವು ಪೆನ್‌ಡ್ರೈವ್‌ಗಳಿಗೆ ವೆಂಟಾಯ್ ಅನ್ನೋ ಸಣ್ಣ ಸಾಫ್ಟ್‌ವೇರ್ ಹಾಕಿದ್ದೆ. ಇದನ್ನು ಹಾಕಿಕೊಂಡರೆ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳ ಐಎಸ್‌ಒ ಫೈಲನ್ನು (ಇಡೀ ಸಿಸ್ಟಂ ಒಂದೇ ಫೈಲಿನಲ್ಲಿ) ಸುಮ್ನೆ ಕಾಪಿ ಮಾಡಿ ಇಟ್ಟರೆ ಸಾಕು, ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಬಹುದು. ಕಂಪ್ಯೂಟರ್ ಆನ್ ಆಗುವಾಗ ಎಫ್12 ಒತ್ತಿದರೆ (ಕೆಲವು ಕಂಪನಿಯದ್ದಕ್ಕೆ ಎಫ್9) ಎಲ್ಲಿಂದ ಶುರುವಾಗಬೇಕು ಅಂತ ಕೇಳುತ್ತದೆ. ಪೆನ್‌ಡ್ರೈವ್ ಅಂದೆವು. ಎರಡು ನಿಮಿಷಕ್ಕೆ ಹೊಸ ಪರದೆ ಬಂತು. ಹಳೆ ವಿಂಡೋಸ್ ಒಳಗೆ ಹಾಗೇ ಮಲಗಿತ್ತು. ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರೆ ಎಲ್ಲ ಮೊದಲಿನಂತೆ.

ಮೊದಲ ಪ್ರಶ್ನೆ ಮುಂದಿನ ಸಾಲಿನ ಹುಡುಗಿಯಿಂದ ಬಂತು. "ಸಾರ್, ಸಿ ಡ್ರೈವ್ ಎಲ್ಲಿ?"

ಎಂಥಾ ಒಳ್ಳೆ ಪ್ರಶ್ನೆ ನೋಡಿ. ಅವಳ ನೋಟ್ಸಿನಲ್ಲಿ "ಕಂಪ್ಯೂಟರಿನಲ್ಲಿ ಸಿ ಡ್ರೈವ್ ಇರುತ್ತದೆ" ಅಂತ ಬರೆಸಿದ್ದಾರೆ. ಅದು ಒಂದು ಕಂಪನಿಯ ಪದ್ಧತಿ ಅಂತ ಯಾರೂ ಹೇಳಿಲ್ಲ. ಫ್ಲಾಪಿ ಕಾಲದಲ್ಲಿ ಎ ಮತ್ತು ಬಿ ಫ್ಲಾಪಿಗೆ ಮೀಸಲಾಗಿದ್ದವು, ಅದಕ್ಕೇ ಹಾರ್ಡ್‌ಡಿಸ್ಕ್‌ಗೆ ಸಿ ಬಂತು, ಫ್ಲಾಪಿ ಹೋಯಿತು, ಸಿ ಉಳಿಯಿತು. ಲಿನಕ್ಸಿನಲ್ಲಿ ಅಕ್ಷರಗಳೇ ಇಲ್ಲ, ಎಲ್ಲವೂ ಒಂದೇ ಮರದ ಕೊಂಬೆಗಳು ಅಂತ ಹೇಳಿದೆ. ಅವಳಿಗೆ ತಕ್ಷಣ ಅರ್ಥ ಆಯಿತು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರೇ ನಗುತ್ತಾ ಒಪ್ಪಿಕೊಂಡರು.

ಆಮೇಲೆ ಮಕ್ಕಳಿಗೆ ನಾಲ್ಕು ಕೆಲಸ ಕೊಟ್ಟೆ. ನಿಮ್ಮ ಹೆಸರು, ಊರು ಬರೆಯಿರಿ. ಅದನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಉಳಿಸಿ. ಪರದೆಯ ಚಿತ್ರ ಬದಲಿಸಿ. ಆಮೇಲೆ ನಿಮ್ಮ ಫೈಲನ್ನು ಪಕ್ಕದ ಕಂಪ್ಯೂಟರಿನಲ್ಲಿ ತೆಗೆಯಿರಿ. ಹೇಗೆ ಅಂತ ಹೇಳಲಿಲ್ಲ. ಕ್ಲಾಸಿನಲ್ಲಿ ಕಂಪ್ಯೂಟರ್‌ಗೆ ಫಸ್ಟ್ ಬರುವ ಹುಡುಗ ಕೈಕಟ್ಟಿ ಕೂತುಬಿಟ್ಟ. ಅವನಿಗೆ "ಎಡಗಡೆ ಮೇಲೆ ಮೂರನೇದನ್ನು ಒತ್ತಬೇಕು" ಅಂತ ಬಾಯಿಪಾಠ ಆಗಿತ್ತು, ಇಲ್ಲಿ ಮೂರನೇದು ಬೇರೆ ಏನೋ. ಹಿಂದಿನ ಬೆಂಚಿನ ಒಬ್ಬ, ಅಪ್ಪನ ಮೊಬೈಲ್ ಬಿಚ್ಚಿ ಹಾಳು ಮಾಡಿ ಬೈಸಿಕೊಂಡವನಂತೆ, ಮೆನುವಿನಲ್ಲಿದ್ದ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಏನೋ ತಪ್ಪು ಸ್ಪೆಲಿಂಗ್ ಹೊಡೆದು, ಅದು ಸಿಗದೆ ಇನ್ನೊಂದು ಹೊಡೆದು, ಹತ್ತು ನಿಮಿಷದಲ್ಲಿ ನಾಲ್ಕೂ ಮುಗಿಸಿದ. ಮಧ್ಯದಲ್ಲಿ ಕೆಳಗಿನ ಪಟ್ಟಿಯನ್ನೇ ಅಳಿಸಿ ಮುಖ ಬಿಳಿಚಿಕೊಂಡಿದ್ದ. ಆಫ್ ಮಾಡಿ ಆನ್ ಮಾಡು ಅಂದೆ. ಪಟ್ಟಿ ವಾಪಸ್ ಬಂತು. ಪೆನ್‌ಡ್ರೈವ್‌ನಿಂದ ಓಡುವಾಗ ಏನು ಮಾಡಿದರೂ ಆಫ್ ಆದ ಮೇಲೆ ಉಳಿಯೋದಿಲ್ಲವಲ್ಲ. ಕೆಟ್ಟರೂ ಪರವಾಗಿಲ್ಲ ಅಂತ ಗೊತ್ತಾದ ಕೂಡಲೇ ಇಡೀ ಲ್ಯಾಬಿನ ಸದ್ದೇ ಬದಲಾಯಿತು.

ನಮ್ಮ ಲ್ಯಾಬುಗಳಲ್ಲಿ ಮಕ್ಕಳು ಕಲಿಯುವ ಮೊದಲ ಪಾಠ "ಮುಟ್ಟಬೇಡ". ಅದಕ್ಕೆ ಕಾರಣ ಇದೆ, ಕೆಟ್ಟರೆ ರಿಪೇರಿಗೆ ದುಡ್ಡಿಲ್ಲ. ಆದರೆ ಅದರ ಪರಿಣಾಮ ದೊಡ್ಡದು. ಇಂಜಿನಿಯರಿಂಗ್‌ಗೆ ಬಂದ ಮಕ್ಕಳನ್ನು ನೋಡಿ. ಅವರಲ್ಲಿ ಎಷ್ಟೋ ಜನ ಪ್ರೋಗ್ರಾಂ ಬರೆಯೋದು ಕಲಿತ, ಟರ್ಬೊ ಸಿ++ ಅಂತ ನೀಲಿ ಪರದೆಯ ಸಾಫ್ಟ್‌ವೇರ್ ಒಂದಿದೆ, 1990ರ ದಶಕದ ಶುರುವಿನದ್ದು. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ್ದು. ಇವತ್ತಿನ 64 ಬಿಟ್ ವಿಂಡೋಸಿನಲ್ಲಿ ಅದು ನೇರವಾಗಿ ಓಡೋದೂ ಇಲ್ಲ. ಡಾಸ್‌ಬಾಕ್ಸ್ ಅಂತ ಹಳೆ ಕಂಪ್ಯೂಟರಿನ ವೇಷ ಹಾಕುವ ಇನ್ನೊಂದು ಸಾಫ್ಟ್‌ವೇರ್ ಒಳಗೆ ಅದನ್ನು ಕೂರಿಸಿ ಓಡಿಸುತ್ತಾರೆ. ಸಿ++ ಭಾಷೆಗೆ ಮೊದಲ ಅಂತಾರಾಷ್ಟ್ರೀಯ ಮಾನದಂಡ ಬಂದದ್ದೇ 1998ರಲ್ಲಿ. ಅದಕ್ಕಿಂತ ಹಳೆಯ ಕಂಪೈಲರ್‌ನಲ್ಲಿ (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವ ಸಾಫ್ಟ್‌ವೇರ್) ಕಲಿತ ಹುಡುಗ ಪರದೆ ಅಳಿಸೋಕೆ ಅಂತ ಬರೆಯುವ ಸಾಲು ಜಿಸಿಸಿ ಅನ್ನೋ ಈಗಿನ ಕಂಪೈಲರ್‌ನಲ್ಲಿ ತಪ್ಪು ತೋರಿಸುತ್ತದೆ, ಅವನು "ಈ ಸಾಫ್ಟ್‌ವೇರ್ ಸರಿಯಿಲ್ಲ" ಅನ್ನುತ್ತಾನೆ. ತಪ್ಪು ಅವನದ್ದಲ್ಲ. ನಾನೂ ಹಾಗೇ ಕಲಿತವನು, ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಅದೇ ಸಾಲು ಬರೆದು ನಗೆಪಾಟಲಾದವನು.

ಹಾಗಾಗಿ ಮುಂದೆ ಬರುವ ಸಾಫ್ಟ್‌ವೇರ್‌ಗಳ ಪರಿಚಯ ಮಾಡಿಕೊಡಿ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಹೊಳೆಯುವುದು ಎಐ, ಕೋಪೈಲಟ್ ಇತ್ಯಾದಿ ಹೆಸರುಗಳ ಪಟ್ಟಿ ಅಲ್ಲ. ಪಟ್ಟಿ ಒಂದು ವರ್ಷಕ್ಕೆ ಹಳಸುತ್ತದೆ. ಗೊತ್ತಿಲ್ಲದ ಸಾಫ್ಟ್‌ವೇರ್ ಎದುರಿಗೆ ಕೂತಾಗ ಕೈ ನಡುಗದ ಹಾಗೆ ಮಾಡಬೇಕು. ಅದಕ್ಕೆ ಪೆನ್‌ಡ್ರೈವ್ ಸಾಕು. 8 ಜಿಬಿ ರ‍್ಯಾಮ್ ಇರುವ ಯಂತ್ರ ಒಂದಿದ್ದರೆ ಅದರಲ್ಲಿ ವರ್ಚುವಲ್‌ಬಾಕ್ಸ್ ಹಾಕಿ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಅದು. ಶುರು ಮಾಡುವ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡರೆ ಎಷ್ಟು ಕೆಡಿಸಿದರೂ ಒಂದು ಕ್ಲಿಕ್ಕಿಗೆ ಹಿಂದಕ್ಕೆ ಬರಬಹುದು. ಬೀಟಾ, ಪ್ರಿವ್ಯೂ ಅಂತ ಪೂರ್ತಿ ಸಿದ್ಧವಾಗದ ಆವೃತ್ತಿಗಳು ಬರುತ್ತವಲ್ಲ, ಅವೆಲ್ಲ ಇದರೊಳಗೇ ಇರಲಿ. ಮುಖ್ಯ ಕಂಪ್ಯೂಟರ್‌ಗೆ ಬೀಟಾ ಹಾಕಿ ಪ್ರಾಜೆಕ್ಟ್ ಕಳೆದುಕೊಂಡು ಅಳುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ.

ಆವೃತ್ತಿಯ ಹೆಸರು ಓದೋದನ್ನೂ ಹೇಳಿಕೊಟ್ಟೆ. ಇದು ಸುಲಭ, ಯಾರೂ ಹೇಳಿಕೊಡಲ್ಲ ಅಷ್ಟೇ. ಉಬುಂಟು 24.04 ಅಂದರೆ 2024ರ ನಾಲ್ಕನೇ ತಿಂಗಳು, ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವುದಕ್ಕೆ ಎಲ್‌ಟಿಎಸ್ ಅನ್ನುತ್ತಾರೆ, ಅದಕ್ಕೆ ಐದು ವರ್ಷ ಅಪ್‌ಡೇಟ್ ಇರುತ್ತದೆ. ಮಧ್ಯೆ ಬರುವವಕ್ಕೆ ಒಂಬತ್ತು ತಿಂಗಳು ಅಷ್ಟೇ. ವಿಂಡೋಸಿನ 22ಎಚ್2 ಅಂದರೆ 2022ರ ಎರಡನೇ ಅರ್ಧ. ಮೈಕ್ರೋಸಾಫ್ಟ್ ಆಫೀಸ್ ಬದಲಿಗೆ ಬಳಸುವ ಉಚಿತ ಲಿಬ್ರೆಆಫೀಸ್ ಮೊದಲು 7.6 ಅಂತೆಲ್ಲ ಇತ್ತು, 2024ರಿಂದ ಅದೂ 24.2 ಅಂತ ಇಸವಿ ಹಚ್ಚಿಕೊಂಡಿತು. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಹೊಸದು ಬರುತ್ತದೆ. ಇಷ್ಟು ಗೊತ್ತಿದ್ದರೆ "ಇದು ಯಾವ ಕಾಲದ್ದು, ಇನ್ನೆಷ್ಟು ದಿನ ಬಾಳುತ್ತದೆ" ಅಂತ ಹುಡುಗರೇ ಲೆಕ್ಕ ಹಾಕುತ್ತಾರೆ, ಹಾಲಿನ ಪ್ಯಾಕೆಟ್ ಮೇಲಿನ ತಾರೀಕು ನೋಡಿದ ಹಾಗೆ. ಲ್ಯಾಬಿನ ಹಾರ್ಡ್‌ಡಿಸ್ಕ್‌ಗೆ ಎಲ್‌ಟಿಎಸ್, ಹೊಸ ರುಚಿ ನೋಡೋಕೆ ಪೆನ್‌ಡ್ರೈವ್. ನಮ್ಮ ನಿಯಮ ಇದೇ ಆಯಿತು.

ಎರಡನೇ ಶನಿವಾರದ ಕೆಲಸ ವಿಂಡೋಸಿನಲ್ಲೇ. ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ, ಗಣಿತಕ್ಕೆ ಜಿಯೋಜೀಬ್ರಾ, ಆಕಾಶ ನೋಡೋಕೆ ಸ್ಟೆಲೇರಿಯಂ, ಚಿತ್ರ ಬರೆಯೋಕೆ ಇಂಕ್‌ಸ್ಕೇಪ್, ಪೈಥಾನ್ ಬರೆಯೋಕೆ ಥಾನಿ. ಇವೆಲ್ಲ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತವೆ, ಮುಖ ಹೆಚ್ಚು ಕಡಿಮೆ ಒಂದೇ. ಹಳೆ ಮನೆಯಲ್ಲಿರುವಾಗಲೇ ಹೊಸ ಪಾತ್ರೆಗಳನ್ನು ಬಳಸಿ ರೂಢಿ ಮಾಡಿಕೊಂಡರೆ ಆಮೇಲೆ ಮನೆ ಬದಲಿಸಿದಾಗ ಅಡುಗೆ ಕೆಡೋದಿಲ್ಲ. ಎಷ್ಟೋ ಕಡೆ ಇದನ್ನು ತಿರುಗುಮುರುಗು ಮಾಡಿ, ಆಪರೇಟಿಂಗ್ ಸಿಸ್ಟಂ ಮೊದಲು ಬದಲಿಸಿ, ಮಾರನೇ ದಿನ ಎಕ್ಸೆಲ್ ಎಲ್ಲಿ ಅಂತ ಜಗಳವಾಗಿ, ಮೂರನೇ ದಿನ ಪೈರೇಟೆಡ್ ವಿಂಡೋಸ್ ವಾಪಸ್ ಬಂದಿರುತ್ತದೆ. ಸ್ಟೆಲೇರಿಯಂನಲ್ಲಿ ತಮ್ಮ ಊರಿನ ಮೇಲಿನ ಆಕಾಶ ಹಾಕಿಕೊಂಡು ಆ ರಾತ್ರಿ ಗುರು ಎಲ್ಲಿ ಕಾಣುತ್ತದೆ ಅಂತ ಹುಡುಕುವಾಗ, ಕೆಳಗೆ ಓಡುತ್ತಿರುವುದು ಯಾವ ಆಪರೇಟಿಂಗ್ ಸಿಸ್ಟಂ ಅಂತ ಒಬ್ಬ ಹುಡುಗನೂ ಕೇಳಲಿಲ್ಲ.

ಅದೇ ದಿನ ಒಂದೆರಡು ಸಣ್ಣ ವಿಷಯ ಹೇಳಿದೆ. ಮನೆಯಲ್ಲಿ ವಿಂಡೋಸ್ ಇರುವ ನಿಮಗೂ ಉಪಯೋಗಕ್ಕೆ ಬರಬಹುದು. ಶಟ್‌ಡೌನ್ ಮಾಡಿದರೆ ಕಂಪ್ಯೂಟರ್ ಪೂರ್ತಿ ಆಫ್ ಆಗುತ್ತದೆ ಅಂದುಕೊಂಡಿದ್ದೀರಲ್ಲ? ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಬೇಗ ಆನ್ ಆಗಲಿ ಅಂತ ಅದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಅದಕ್ಕೇ ಏನಾದರೂ ಗೊಂದಲವಾದಾಗ ಹತ್ತು ಸಲ ಶಟ್‌ಡೌನ್ ಮಾಡಿದರೂ ಹೋಗದ ತೊಂದರೆ ಒಂದು ರೀಸ್ಟಾರ್ಟ್‌ಗೆ ಹೋಗುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಳ್ಳುವವರು ಇದನ್ನು ಮೊದಲೇ ಆಫ್ ಮಾಡಬೇಕು. ಇಲ್ಲದಿದ್ದರೆ ಲಿನಕ್ಸಿನಿಂದ ವಿಂಡೋಸಿನ ಡ್ರೈವ್‌ಗೆ ಏನೂ ಬರೆಯೋಕೆ ಬಿಡೋದಿಲ್ಲ. ವಿಂಡೋಸ್ ಕೀ ಜೊತೆ ವಿ ಒತ್ತಿ, ಕೇಳಿದರೆ ಒಮ್ಮೆ ಆನ್ ಮಾಡಿಕೊಳ್ಳಿ. ಆಮೇಲೆ ಅದನ್ನೇ ಒತ್ತಿದಾಗ ಈಚೆಗೆ ಕಾಪಿ ಮಾಡಿದ್ದು ಸಾಲಾಗಿ ಬರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿದರೆ ಟಾಸ್ಕ್ ಮ್ಯಾನೇಜರ್. ಅದರಲ್ಲಿ ಸ್ಟಾರ್ಟಪ್ ಅನ್ನೋ ಪುಟದಲ್ಲಿ ಬೇಡದ್ದನ್ನೆಲ್ಲ ಆಫ್ ಮಾಡಿದರೆ ಅರ್ಧ ನಿಧಾನ ಅಲ್ಲೇ ಹೋಗುತ್ತದೆ. ಉಳಿದರ್ಧ ಹೋಗುವುದು ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಾಗ. ಹಳೆ ಕಂಪ್ಯೂಟರ್‌ಗೆ ದುಡ್ಡು ಹಾಕುವುದಿದ್ದರೆ ಮೊದಲು ಇದಕ್ಕೇ ಹಾಕಿ. ಇನ್ನೊಂದು, ಹೊಸ ಲ್ಯಾಪ್‌ಟಾಪ್ ತಗೊಂಡವರು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಎಷ್ಟೋ ಹೊಸ ಯಂತ್ರಗಳಲ್ಲಿ ನೀವು ಕೇಳದೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ಆ ಕೀ ಬೇಕಾಗುವುದು ಪರೀಕ್ಷೆಯ ಹಿಂದಿನ ರಾತ್ರಿಯೇ.

ಕನ್ನಡದ ವಿಷಯಕ್ಕೆ ಬರೋಣ. ಇದನ್ನು ಬಿಟ್ಟು ನಮ್ಮ ಲ್ಯಾಬಿನ ಮಾತು ಮುಗಿಯೋದಿಲ್ಲ. ಶಾಲೆ ಆಫೀಸಿನ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಕಾಗದಪತ್ರ ಇತ್ತು. ಎಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು. ಲಿನಕ್ಸಿನಲ್ಲಿ ತೆಗೆದರೆ "ಕನ್ನಡ" ಅನ್ನೋ ಪದ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡಿನ ಗುರುತು, ಮುಂದೆ ಸಣ್ಣ ಕ್ಯೂ, ಹೀಗೆಲ್ಲ ಕಂಡಿತು. "ನೋಡಿ ಸಾರ್, ನಿಮ್ಮ ಲಿನಕ್ಸ್‌ಗೆ ಕನ್ನಡ ಬರಲ್ಲ" ಅಂದರು ಗುಮಾಸ್ತರು. ಅದು ಲಿನಕ್ಸಿನ ತಪ್ಪಲ್ಲ. ಆ ಫೈಲಿನ ಒಳಗೆ ಕನ್ನಡವೇ ಇಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಗುರುತುಗಳೇ. ಕನ್ನಡದ ಚಿತ್ರ ಬರೆದ ಫಾಂಟ್ ಅವುಗಳ ಮೇಲೆ ಮುಖವಾಡ ಹಾಕುತ್ತಿತ್ತು. ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರಿನಲ್ಲೂ, ಮೊಬೈಲಿನಲ್ಲೂ ಮುಖವಾಡ ಕಳಚುತ್ತದೆ. ಗೂಗಲ್ ಅದನ್ನು ಕನ್ನಡ ಅಂತ ಹುಡುಕಲ್ಲ, ಓದಿ ಹೇಳುವ ಸಾಫ್ಟ್‌ವೇರ್ ಓದಲ್ಲ. ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯೂನಿಕೋಡ್‌ನಲ್ಲಿ ಬರೆದದ್ದು ಹಾಗಲ್ಲ, ಅಲ್ಲಿ ಕ ಅಂದರೆ ಕ.

ಟೈಪಿಂಗ್ ಮತ್ತೆ ಕಲಿಯಬೇಕಲ್ಲ ಅನ್ನೋ ಭಯ ಬೇಡ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನುಡಿ ಬಳಸುವುದು. ಅದೇ ವಿನ್ಯಾಸ ಕಗಪ ಅನ್ನೋ ಹೆಸರಿನಲ್ಲಿ ಲಿನಕ್ಸಿನ ಒಳಗೇ ಇದೆ, ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ, ಕಗಪ ಅಂತ ಹುಡುಕಿ ಸೇರಿಸಿದರೆ ಆಯಿತು. ಕೆ, ಎನ್, ಎಫ್, ಎನ್, ಡಬ್ಲ್ಯು. ಐದು ಕೀ ಒತ್ತಿದರೆ "ಕನ್ನಡ" ಬರುತ್ತದೆ, ನುಡಿಯಲ್ಲಿ ಬಂದ ಹಾಗೇ. ಗುಮಾಸ್ತರು ಕೂತು ಒಂದು ರಜಾ ಅರ್ಜಿ ಟೈಪ್ ಮಾಡಿ ನೋಡಿದರು, ಬೆರಳು ಎಲ್ಲೂ ತಡೆಯಲಿಲ್ಲ. ವಿಂಡೋಸಿನಲ್ಲೂ ಕನ್ನಡ ಕೀಬೋರ್ಡ್ ಇದೆ, 2019ರಿಂದ ಇಂಗ್ಲಿಷ್ ಉಚ್ಚಾರದಂತೆ ಹೊಡೆಯುವ ಫೋನೆಟಿಕ್ ಕೂಡ ಬಂದಿದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ಹಳೆ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳೂ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ ನೋಡಬೇಕು, ಅಲ್ಲಲ್ಲಿ ಜಾರುತ್ತವೆ.

ಇದನ್ನು ಮಕ್ಕಳ ಮುಂದೆ ಎರಡೂ ಫೈಲ್ ತೆಗೆದು ತೋರಿಸಿದೆ. ಮುಂದೆ ಬರುವ ಎಐ ಬಗ್ಗೆ ಒಂದು ಗಂಟೆ ಭಾಷಣ ಮಾಡುವುದಕ್ಕಿಂತ ಇದೇ ಹೆಚ್ಚು ಹೇಳಿತು ಅಂತ ನನ್ನ ಅನಿಸಿಕೆ. ಯಂತ್ರಕ್ಕೆ ಕನ್ನಡ ಕಲಿಸಬೇಕಾದರೆ ಕನ್ನಡ ಅಂತ ಅದಕ್ಕೆ ಗೊತ್ತಾಗುವ ರೂಪದಲ್ಲಿ ಬರಹ ಇರಬೇಕಲ್ಲ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದವರು ಕನ್ನಡವೂ ಸೇರಿ 22 ಭಾಷೆಗಳ ಅನುವಾದದ ಮಾಡೆಲ್ ಮಾಡಿ ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದಾರೆ. ಅಂಥದ್ದಕ್ಕೆ ನಮ್ಮ ಪಿ, ಪೌಂಡು, ಕ್ಯೂ ಕಂತೆಗಳಿಂದ ಏನೂ ಉಪಯೋಗ ಇಲ್ಲ.

ಎಐ ಬಗ್ಗೆ ಮಾತು ಬಂದೇ ಬಂತು, ಮಕ್ಕಳೇ ತೆಗೆದರು. ನಾನು ರೀಕಾಲ್ ಕಥೆ ಹೇಳಿದೆ. 2024ರ ಮೇನಲ್ಲಿ ಮೈಕ್ರೋಸಾಫ್ಟ್ ಹೊಸ ಜಾತಿಯ ಕಂಪ್ಯೂಟರ್‌ಗಳ ಜೊತೆ ಇದನ್ನು ಘೋಷಿಸಿತು. ಪರದೆಯಲ್ಲಿ ನೀವು ನೋಡಿದ್ದನ್ನೆಲ್ಲ ಆಗಾಗ ಚಿತ್ರ ತೆಗೆದಿಟ್ಟುಕೊಂಡು, ಆಮೇಲೆ "ಹೋದ ವಾರ ನೋಡಿದ ನೀಲಿ ಸೈಕಲ್" ಅಂತ ಕೇಳಿದರೆ ಹುಡುಕಿಕೊಡುವ ಸೌಲಭ್ಯ. ಭದ್ರತಾ ತಜ್ಞರು ಅದನ್ನು ಬಿಚ್ಚಿ ನೋಡಿ ಗಲಾಟೆ ಎಬ್ಬಿಸಿದರು. ಆ ಚಿತ್ರಗಳಿಂದ ತೆಗೆದ ಪಠ್ಯ ಸರಿಯಾದ ಬೀಗ ಇಲ್ಲದೆ ಬಿದ್ದಿತ್ತು. ಕಂಪನಿ ಬಿಡುಗಡೆ ಮುಂದೂಡಿತು, ನೀವಾಗಿ ಆನ್ ಮಾಡಿದರೆ ಮಾತ್ರ ಅಂತ ಬದಲಿಸಿ, ಒಂದು ವರ್ಷದ ಹತ್ತಿರ ಬಿಟ್ಟು ತಂದಿತು. ಅದು ಓಡೋಕೆ ಬೇಕಾಗುವ ವಿಶೇಷ ಚಿಪ್, 16 ಜಿಬಿ ರ‍್ಯಾಮ್ ನಮ್ಮ ಲ್ಯಾಬಿಗೆ ಬರೋದು ಯಾವ ಕಾಲಕ್ಕೋ. ಕಥೆ ಹೇಳಿದ್ದು ಅದಕ್ಕಲ್ಲ. "ನನ್ನ ಫೈಲ್ ಎಲ್ಲಿ ಕೂತಿದೆ, ಇಂಟರ್ನೆಟ್ ಇಲ್ಲದಿದ್ದರೆ ನಡೆಯುತ್ತಾ, ಈ ಸಾಫ್ಟ್‌ವೇರ್ ಬಿಟ್ಟು ಹೋಗುವಾಗ ನನ್ನ ಕೆಲಸ ನನ್ನ ಜೊತೆ ಬರುತ್ತಾ" ಅಂತ ಯಾವ ಹೊಸ ಸಾಫ್ಟ್‌ವೇರ್ ಬಂದರೂ ಕೇಳಿ ಅಂದೆ. ಹಿಂದಿನ ಬೆಂಚಿನವನು ತಕ್ಷಣ ಕೈ ಎತ್ತಿ, "ಸಾರ್, ಮೇಷ್ಟ್ರು ನೋಟ್ಸ್ ಹಾಕೋ ವಾಟ್ಸ್‌ಆ್ಯಪ್ ಗ್ರೂಪ್‌ಗೂ ಇದು ಅನ್ವಯ ಆಗುತ್ತಾ?" ಅಂದ. ಮೇಷ್ಟ್ರು ನನ್ನ ಮುಖ ನೋಡಿದರು.

ನಾಲ್ಕನೇ ಶನಿವಾರ ಒಂಬತ್ತರಲ್ಲಿ ಎಂಟಕ್ಕೆ ಮಿಂಟ್ ಹಾಕಿದೆವು. ಹಾಕಿದ್ದು ಮಕ್ಕಳೇ, ನಾನು ಹಿಂದೆ ನಿಂತಿದ್ದೆ. ಡಿಸ್ಕ್ ಅಳಿಸಲಾ ಅಂತ ಅದು ಕೇಳುವ ಜಾಗದಲ್ಲಿ ಮಾತ್ರ ಪ್ರತಿಯೊಬ್ಬರನ್ನೂ ನಿಲ್ಲಿಸಿ, ಬ್ಯಾಕಪ್ ಎಲ್ಲಿದೆ ಅಂತ ಬಾಯಿಬಿಟ್ಟು ಹೇಳಿಸಿ ಮುಂದಕ್ಕೆ ಬಿಟ್ಟೆ. ಮಕ್ಕಳ, ಶಾಲೆಯ ಮಾಹಿತಿಯನ್ನು ಸರ್ಕಾರಕ್ಕೆ ತುಂಬುವ ಎಸ್‌ಎಟಿಎಸ್, ಯುಡೈಸ್ ಎರಡೂ ಬ್ರೌಸರ್‌ನಲ್ಲೇ ನಡೆಯುವುದರಿಂದ ಆ ಕೆಲಸಕ್ಕೆ ಏನೂ ಅಡ್ಡಿ ಆಗಲಿಲ್ಲ.

ಒಂಬತ್ತನೆಯದು ಆಫೀಸಿನ ಕಂಪ್ಯೂಟರ್. ಅದರ ಪಕ್ಕದ ಹಳೆ ಲೇಸರ್ ಪ್ರಿಂಟರ್‌ಗೆ ಲಿನಕ್ಸಿನಲ್ಲಿ ಸರಿಯಾದ ಡ್ರೈವರ್ ಸಿಗಲಿಲ್ಲ. ಎರಡು ಗಂಟೆ ಗುದ್ದಾಡಿದೆ. ಒಂದು ಪುಟ ಬಂತು, ಎರಡನೆಯದಕ್ಕೆ ನಿಂತುಹೋಯಿತು. ಹಾಗಾಗಿ ಅದು ವಿಂಡೋಸ್ 10ರಲ್ಲೇ ಇದೆ, ಇಂಟರ್ನೆಟ್ ವೈರ್ ಕಿತ್ತಿಟ್ಟಿದ್ದೇವೆ. ಮಕ್ಕಳು ಲ್ಯಾಬಿನಲ್ಲಿ ಬರೆದದ್ದನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ ಅಲ್ಲಿ ಪ್ರಿಂಟ್ ತೆಗೆಯುತ್ತಾರೆ. ಆ ಪೆನ್‌ಡ್ರೈವ್‌ನಲ್ಲಿ ವೈರಸ್ ಇದೆಯಾ ಅಂತ ಮೊದಲು ಲ್ಯಾಬಿನಲ್ಲಿ ನೋಡುವ ಕೆಲಸ ಈಗ ಸಿ ಡ್ರೈವ್ ಎಲ್ಲಿ ಅಂತ ಕೇಳಿದ್ದ ಆ ಹುಡುಗಿಯದ್ದು. ಪ್ರಿಂಟರ್ ಯಾವಾಗ ಕೆಡುತ್ತೋ ಅಂತ ಅವಳೂ ಕಾಯುತ್ತಿದ್ದಾಳೆ, ಹೆಡ್‌ಮಾಸ್ಟರೂ ಕಾಯುತ್ತಿದ್ದಾರೆ, ಬೇರೆ ಬೇರೆ ಕಾರಣಕ್ಕೆ.